ಕಲಗಚ್ಚಿನ ಬಕೆಟ್ಟು

ಹೊಳೆನರಸೀಪುರ, ೧೪-೧೧-೨೦೦೫, ಸೋಮವಾರ

ಆರತಿ ಗೆಲ್ಲಲಿಲ್ಲ. ನಾನು ಬರೆದುಕೊಟ್ಟ ಇಂಗ್ಲಿಷನ್ನೂ ಹೇಳಲಿಲ್ಲವಂತೆ. ಮೊದಲು ಬೇಜಾರಾಯಿತು.

ಪರಿಸರದ ಹೆಸರಿನ ಸೌಂದರ್ಯ ಸ್ಪರ್ಧೆ, ದೇಶದೇಶದ ಹುಡುಗಿಯರು. ಭೂಮಿಗಾಗಿ ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ ಅಂತ ಕೇಳುತ್ತಾರಂತೆ. ಆರತಿ ನನ್ನ ಹೆಂಡತಿ ಸರಸಳ ತಮ್ಮನ ಮಗಳಲ್ಲವೇ, ಹೋಗುವ ಮುಂಚೆ "ಅತ್ತೆಯ ಕಲಗಚ್ಚಿನ ಬಕೆಟ್ ವಿಷಯ ಹೇಳಲಾ ಮಾವ?" ಅಂದಿದ್ದಳು. ಹಿಂದಿನ ಬೀದಿಯ ಮಾಯಮ್ಮನ ಹಸುವಿಗೆ ಇಡುತ್ತಿದ್ದ ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಫಾರಿನ್ನಿನಲ್ಲಿ ಹೇಳುವ ಮಾತೇ ಅಂತ ಗದರಿ, "ನೇಚರ್ ಈಸ್ ದಿ ಮದರ್ ಆಫ್ ಮ್ಯಾನ್‌ಕೈಂಡ್, ದೇರ್‌ಫೋರ್" ಅಂತ ಶುರುಮಾಡಿ ಒಂದು ಪುಟ ಬರೆದೆ. ದೇರ್‌ಫೋರ್ ಆದಮೇಲೆ ಏನು ಬರೆದೆನೋ ಶಿವನೇ ಬಲ್ಲ.

ಸಂಜೆ ಫೋನಿನಲ್ಲಿ ನಗುತ್ತಾಳೆ: "ಬಕೆಟ್ಟನ್ನೇ ಹೇಳಿದೆ ಮಾವ. ಅತ್ತೆ ಹೆಸರೂ ಹೇಳಿದೆ. ಚಪ್ಪಾಳೆ ತಟ್ಟಿದರು!"

ಸರಸ ಹೋಗಿ ಮೂರು ವರ್ಷ. ಈ ಮನೆಯಲ್ಲೇ ಅವಳ ಹೆಸರು ಕೂಗುವವರಿಲ್ಲ, ಸಮುದ್ರದಾಚೆ ಕೂಗಿದಳಲ್ಲ ಈ ಹುಡುಗಿ.

ಬಕೆಟ್ಟನ್ನು ಅಟ್ಟದಿಂದ ಇಳಿಸಿ ಹಿತ್ತಿಲ ಬಾಗಿಲಲ್ಲಿಟ್ಟೆ. ಮಾಯಮ್ಮ ನೋಡಿ, "ಏನ್ ಸಾಮಿ, ನಮ್ಮ ಅಸ ಈಗ ಗ್ಯಾಪಕ ಬಂತಾ?" ಅಂದಳು. ನಾಚಿಕೆಯಾಯಿತು.

ಒಬ್ಬನ ಅಕ್ಕಿ ತೊಳೆದ ನೀರಿಗೆ ತಳ ಮಾತ್ರ ನೆನೆಯಿತು. ನಾಳೆ ಸೋರೆಕಾಯಿ ತರಬೇಕು, ಸಿಪ್ಪೆ ಜಾಸ್ತಿ. ಸರಸ ಮಾಡುತ್ತಿದ್ದ ಹಾಗೆ ತೊವ್ವೆ ಮಾಡಿ ನೋಡಬೇಕು.