ಕೊಳದ ಆಚೆ ತುದಿಯಲ್ಲಿ ಇಡುವ ಸ್ಪೀಕರ್

ಈಜುಕೊಳದ ಮ್ಯಾನೇಜರ್ ಅವರಿಗೆ ನಮಸ್ಕಾರಗಳು.

ಕಣ್ಣು ಕಾಣದ ನನ್ನ ಮಗಳು ನಿಮ್ಮಲ್ಲಿ ಈಜುತ್ತಿದ್ದದ್ದು ನಿಮಗೆ ಗೊತ್ತೇ ಇದೆ. ಅವಳಪ್ಪ ಆಚೆ ತುದಿಯಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದರು. ಆ ಸದ್ದು ಹಿಡಿದು ಅವಳು ನೇರ ಬರುತ್ತಿದ್ದಳು. ತಲೆ ಗೋಡೆಗೆ ಬಡಿಯದಂತೆ ಅವರು ಕೈ ಚಾಚಿ ಹಿಡಿದುಕೊಳ್ಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಅವಳು ನೀರಿಗೆ ಇಳಿದಿಲ್ಲ. ಅವಳು ಈಜುವ ಹೊತ್ತಿಗೆ ನನಗೆ ಬೇಕರಿಯಲ್ಲಿ ಪಾಳಿ, ಬರಲಾಗುವುದಿಲ್ಲ.

ಅದಕ್ಕೇ ನೀರು ಬಿದ್ದರೂ ಕೆಡದ ಬ್ಲೂಟೂತ್ ಸ್ಪೀಕರ್ ಒಂದನ್ನು ಕೊಂಡಿದ್ದೇವೆ. ಅಂಗಡಿಯವನು ದುಂಡನೆಯದೊಂದನ್ನು ಹೊಗಳಿದ್ದೇ ಹೊಗಳಿದ್ದು: "ಇದನ್ನ ತಗೊಳ್ಳಿ ಅಕ್ಕ, ಸುತ್ತ ನಾಲ್ಕು ಕಡೆಗೂ ಒಂದೇ ಸಮ ಕೇಳ್ಸುತ್ತೆ." ಎಲ್ಲ ಕಡೆಗೂ ಕೇಳಿಸಿದರೆ ನನ್ನ ಮಗಳು ಎತ್ತ ಹೋಗಬೇಕು? ಅಂಗಡಿಯೊಳಗೇ ಸದ್ದು ಹಿಡಿದು ನಡೆದು ನೋಡಿ, ಒಂದೇ ಮುಖದಿಂದ ಸದ್ದು ಬರುವುದನ್ನು ಅವಳೇ ಆರಿಸಿದಳು.

ಹಾಡು ಹಾಕಬಾರದೆಂಬ ನಿಮ್ಮ ಬೋರ್ಡು ನೋಡಿದ್ದೇನೆ. ಹಾಡಲ್ಲ, ಅವಳ ಫೋನಿನಿಂದ ಬರೀ ಸುದ್ದಿ ಓದುವ ದನಿ. ಸೋಮವಾರ ಅವಳು ಬಂದಾಗ ಸ್ಪೀಕರನ್ನು ಅವಳಪ್ಪ ಕೂರುತ್ತಿದ್ದ ಜಾಗದಲ್ಲೇ ಇಡಿಸಿ. ಗೋಡೆ ಹತ್ತಿರವಾದಾಗ ನಿಮ್ಮ ಕಾವಲಿನವರು ಮೆತ್ತನೆಯ ಕೋಲಿನಿಂದ ಹೆಗಲು ಮುಟ್ಟಿದರೆ ಸಾಕು.

ಅವಳಪ್ಪನ ಚಪ್ಪಾಳೆಯ ವಿಡಿಯೊ ನನ್ನ ಫೋನಿನಲ್ಲಿದೆ. ಅದನ್ನೇ ಹಾಕೋಣ ಎಂದೆ.

"ಬೇಡಮ್ಮ" ಎಂದಳು. "ಚಪ್ಪಾಳೆ ಕೇಳ್ಕೊಂಡು ಹೋದ್ರೆ ಕೊನೇಲಿ ಅಪ್ಪನ ಕೈ ಸಿಗ್ಬೇಕು."

ಆದ್ದರಿಂದ ಇನ್ನೊಂದು ಕೋರಿಕೆ. ಸೋಮವಾರ ಅವಳು ಮತ್ತೆ ಈಜುವುದನ್ನು ಕಂಡ ಖುಷಿಗಾದರೂ ಸರಿ, ಯಾರೂ ಚಪ್ಪಾಳೆ ತಟ್ಟದಂತೆ ದಯವಿಟ್ಟು ನೋಡಿಕೊಳ್ಳಿ.

ಇಂತಿ,
ಅವಳ ತಾಯಿ