ಇನ್ನೊಂದು ಸಲ ಮನೆಗೆ ಬಂದದ್ದು

ಎಮ್ರಿಸ್,

ಇವತ್ತು ನಮ್ಮ ಕಾರ್ಡಿಫ್ ಮನೆಗೆ ಟೀವಿಯವರು ಬಂದಿದ್ದರು. ಜೀವಮಾನವಿಡೀ ಕಂಡವರ ಮನೆಗೆ ಕ್ಯಾಮೆರಾ ಹೊತ್ತುಕೊಂಡು ಹೋದ ನನ್ನ ಮೇಲೆಯೇ ಈಗೊಂದು ಸಾಕ್ಷ್ಯಚಿತ್ರವಂತೆ. ನೀನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ನಿರ್ದೇಶಕಿ ಲೌರಿ ನನ್ನ ಕೈಕೆಳಗೇ ಪಳಗಿದವಳು. "ನೆರಿಸ್, ಸುಮ್ನೆ ಹೊರಗಿಂದ ಒಳಗೆ ಬನ್ನಿ, ದಿನಾ ಬರೋ ಹಾಗೆ" ಎಂದಳು. ಬಾಗಿಲು ತೆರೆದು ಕೋಟು ಬಿಚ್ಚುವಾಗ ಬಾಯಿಗೆ ಬಂದೇಬಿಟ್ಟಿತು: "ಎಮ್ರಿಸ್, ಬಂದೆ ಕಣೋ!"

"ಅಯ್ಯೋ, ಎಷ್ಟ್ ಚೆನ್ನಾಗಿತ್ತು! ಇದನ್ನ ಒಳಗಡೆಯಿಂದಾನೂ ತಗೋಬೇಕು. ಇನ್ನೊಂದ್ಸಲ ಕರೀರಿ."

"ಅವನು ಸತ್ತು ಎರಡು ವರ್ಷ ಆಯ್ತು, ಲೌರಿ."

"ಗೊತ್ತು. ಅದಕ್ಕೇ."

ಆ ಮೆತ್ತನೆಯ ದನಿ ಅವಳಿಗೆ ಕಲಿಸಿದ್ದು ನಾನೇ. ಇನ್ನು ಯಾವ ಬಾಯಲ್ಲಿ ಒಲ್ಲೆ ಎನ್ನಲಿ? ಕೋಟು ಹಾಕಿಕೊಂಡು ಹೊರಗೆ ಹೋದೆ. ಮತ್ತೆ ಬಂದೆ, ಮತ್ತೆ ಕರೆದೆ. ಬೆಳಕು ಸರಿಬರಲಿಲ್ಲವೆಂದು ಮೂರನೇ ಸಲವೂ ಕರೆದೆ. "ಟೀ ಆರಿಹೋಯ್ತಲ್ಲೇ, ಮಹಾರಾಣಿ" ಎಂದು ಅಡುಗೆಮನೆಯಿಂದ ನೀನು ರೇಗಬೇಕಾದ ಹೊತ್ತು ಪ್ರತಿಸಲವೂ ಹಾಗೇ ದಾಟಿಹೋಯಿತು.

ಕೊನೆಗೆ ನಮ್ಮ ಹಳೆಯ ಸೌಂಡಿನ ಹ್ಯೂ, ಎಂದಿನಂತೆ, ಕೋಣೆಯ ಮೌನವನ್ನೂ ರೆಕಾರ್ಡ್ ಮಾಡಿಕೊಳ್ಳಬೇಕೆಂದ. ಎಡಿಟಿಂಗಿನಲ್ಲಿ ಮಾತುಗಳ ನಡುವೆ ತುಂಬಲು ಅದು ಬೇಕಲ್ಲ. ಅಷ್ಟು ಹೊತ್ತು ಯಾರೂ ಅಲುಗಾಡುವಂತಿಲ್ಲ. ಒಂದು ತೋಳು ಇನ್ನೂ ಕೋಟಿನೊಳಗೇ ಇರುವಂತೆಯೇ, ಅಡುಗೆಮನೆಯ ಕಡೆಗೆ ಮುಖಮಾಡಿ ನಿಂತೇ ಇದ್ದೆ.

ಹ್ಯೂ ಹೆಡ್‌ಫೋನ್ ತೆಗೆದ. ನನ್ನ ಮುಖ ನೋಡಲಿಲ್ಲ.

"ಚೆನ್ನಾಗಿ ಬಂತು" ಎಂದ. "ಒಂಚೂರೂ ಸದ್ದಿಲ್ಲ."