ಗೆರೆಯ ಎಡಗಡೆ ಬರೆದದ್ದು

ಮೂಡಲಗಿ,
ತಾ. ೧೭ ಜೂನ್ ೧೯೬೦, ಶುಕ್ರವಾರ

ಪ್ರೀತಿಯ ತಮ್ಮ ಕೇದಾರಿಗೆ,

ನಿನ್ನ ಇಂದ್ರಕ್ಕನ ಆಶೀರ್ವಾದಗಳು. ಆರೋಗ್ಯ ಹೇಗಿದೆ? ಮುಂಬೈಯಲ್ಲಿ ಮಳೆ ಹಿಡಿದಿರಬೇಕು. ಚಾಳಿನ ಖೋಲಿ ಈ ವರ್ಷವೂ ಸೋರುತ್ತಿದ್ದರೆ ಟ್ರಂಕನ್ನು ಆ ಮೂಲೆಯಿಂದ ಸರಿಸು, ಪುಸ್ತಕಗಳನ್ನು ಮೇಲಕ್ಕಿಡು. ಖಾನಾವಳಿಯಲ್ಲಿ ಎರಡು ಹೊತ್ತೂ ಉಣ್ಣುತ್ತೀಯೋ, ಇಲ್ಲ ಒಂದು ಹೊತ್ತು ಚಹದ ಮೇಲೆ ಕಳೆಯುತ್ತೀಯೋ, ಖರೆ ಬರೆ. ಹೋದ ಸಲ ನೀನು ಬಂದು ಹೋದ ಮೇಲೆ ಅವ್ವ ನಾಲ್ಕು ದಿನ ಒಂದೇ ಮಾತು ಆಡುತ್ತಿದ್ದಳು: 'ಬ್ಯಾಂಕಿನ್ಯಾಗ ಕುಂತು ಬರಿಯೂ ಹುಡುಗನ ಕುತಗಿ ಏನವ್ವಾ ಅದು, ಕೊಕ್ಕರಿ ಕುತಗಿ ಆಗೇತಿ.' ಕೆಮ್ಮು ಹೋಯಿತೇ? ಹೋಗದಿದ್ದರೆ ಡಾಕ್ಟರಿಗೆ ತೋರಿಸು, ಸುಮ್ಮನೆ ಶುಂಠಿ ಜಗಿಯುತ್ತ ಕೂರಬೇಡ.

ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಬರೆದಿದ್ದೇನೆ ಎಂದುಕೋ. ಯಾರಿಗೂ ಜ್ವರ ಇಲ್ಲ, ಯಾರೂ ಬಿದ್ದಿಲ್ಲ. ಶಾಲೆ ಶುರುವಾಗಿದೆ. ಈ ವರ್ಷ ಒಂದನೆಯ ವರ್ಗಕ್ಕೆ ನಲವತ್ತೊಂದು ಹುಡುಗಿಯರು, ಅರ್ಧ ಜನರ ಬಳಿ ಪಾಟಿ ಇಲ್ಲ. ನಾನಿರುವ ಬಾಡಿಗೆ ಖೋಲಿಯ ಮುಂದಿನ ಬೇವಿನ ಗಿಡವನ್ನು ಮಾಲಕರು ಕಡಿಸಿದರು. ಸುದ್ದಿ ಇಷ್ಟೇ. ಇನ್ನು ನೀನು ಕೇಳಿದ್ದಕ್ಕೆ ಬರುತ್ತೇನೆ.

ನಿನ್ನ ಪತ್ರ ಹೋದ ವಾರ ಬಂತು. ಜೊತೆಗೆ ನಡುವೆ ಗೆರೆ ಎಳೆದ ಹಾಳೆಯೂ. ನೋಡಿ ನಗು ಬಂದಿತ್ತು. ಅಕ್ಕನಿಗೆ ಪತ್ರ ಬರೆಯುವಾಗಲೂ ಕಾಮರ್ಸಿನವನ ಬುದ್ಧಿ ಬಿಡಲಿಲ್ಲವಲ್ಲ ನೀನು. ಎಡಗಡೆ ಮುಂಬೈಯ ಎಂ.ಕಾಂ.: ಸೀಟು ಸಿಕ್ಕಿದೆ, ಬೆಳಗಿನ ವರ್ಗ, ನೌಕರಿ ಬಿಡುವಂತಿಲ್ಲ, ಊರು ಗೊತ್ತು, ಎರಡು ವರ್ಷಕ್ಕೆ ಡಿಗ್ರಿ, ಆಮೇಲೆ ಬ್ಯಾಂಕಿನ ಆಫೀಸರ ಪರೀಕ್ಷೆ, ವರ್ಷಕ್ಕೊಮ್ಮೆ ಊರಿಗೆ ಬರಬಹುದು. ಬಲಗಡೆ ಲಂಡನ್ನಿನ ಎಂ.ಎಸ್ಸಿ.: ಹಣಕಾಸಿನ ವಿದ್ಯೆಗೆ ಅದಕ್ಕಿಂತ ದೊಡ್ಡ ಜಾಗ ಇಲ್ಲ, ದೊಡ್ಡ ಬ್ಯಾಂಕುಗಳಲ್ಲಿ ಅಲ್ಲಿಯ ಡಿಗ್ರಿಗೆ ತೂಕ, ದಿಲ್ಲಿಯವರ ಸ್ಕಾಲರ್‌ಶಿಪ್ಪಿಗೆ ಆಯ್ಕೆಯಾಗಿದೆ, ಬಾಬಾಸಾಹೇಬರು ಓದಿದ ಶಾಲೆ, ಚಳಿ, ಹಡಗು, ಮೂರು ವರ್ಷ ಅವ್ವನ ಮುಖ ಕಾಣುವುದಿಲ್ಲ. ಕೆಳಗೆ 'ಅಕ್ಕಾ, ನೀನೇ ಆರಿಸು, ನೀನು ಹೇಳಿದ್ದೇ ಸೈ' ಎಂದು ಬರೆದು ಎರಡು ಗೀಟು ಹಾಕಿದ್ದೀಯ. ಎಡಗಡೆ ಹನ್ನೊಂದು ಸಾಲು, ಬಲಗಡೆ ಒಂಬತ್ತು. ನಾನು ಎಣಿಸಿದೆ.

ಒಂದು ಸಾಲು ಯಾವ ಕಡೆಯೂ ಇರಲಿಲ್ಲ. ದಿಲ್ಲಿಯವರ ಅಚ್ಚಿನ ಕಾಗದವನ್ನೂ ಕಳಿಸಿದ್ದೀಯಲ್ಲ, ಅದರಲ್ಲಿ ನೀನೇ ಪೆನ್ಸಿಲಿನಿಂದ ಗುರುತು ಮಾಡಿದ್ದೀಯ: ಜೂನ್ ಮೂವತ್ತರೊಳಗೆ ಸ್ವಂತ ತಾಲೂಕಿನ ಮಾಮಲೇದಾರರ ಜಾತಿ ಪ್ರಮಾಣಪತ್ರ ಮುಟ್ಟಬೇಕು, ಅರ್ಜಿದಾರನ ಕುಟುಂಬ ಹಿಂದೂ ಧರ್ಮದ್ದಾಗಿರಬೇಕು. ಗುರುತು ಮಾಡಿದ್ದೀಯ ಅಂದರೆ ಓದಿದ್ದೀಯ. ಓದಿದವನು ಅದನ್ನು ಹಾಳೆಗೆ ಏಕೆ ಏರಿಸಲಿಲ್ಲ ಎಂದು ನಾನು ಕೇಳುವುದಿಲ್ಲ. ನನಗೆ ಸಿಟ್ಟು ಬಂದಿಲ್ಲ, ಬಂದಿದ್ದರೆ ಈ ಪತ್ರ ಬೇರೆಯೇ ಇರುತ್ತಿತ್ತು.

ಅಪ್ಪ ನಾಗಪುರಕ್ಕೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದಾಗ ನೀನು ಬೆಳಗಾವಿಯ ಕಾಲೇಜಿನಲ್ಲಿದ್ದೆ, ನಾನು ಮಮದಾಪುರದ ಮನೆಯಲ್ಲೇ ಇದ್ದೆ. ಅವನು ಬಿಳಿ ಧೋತರ ಉಟ್ಟುಕೊಂಡು ಬಂದು, ನಮ್ಮ ದೇವರ ಜಗಲಿಯ ದುರ್ಗವ್ವನನ್ನು ಮೊದಲು ತಾನೇ ಇಳಿಸಿದ. ಆಮೇಲೆ ಕೇರಿಯ ಹದಿನೆಂಟು ಮನೆಯವರೂ ತಮ್ಮ ತಮ್ಮ ದೇವರನ್ನು ಬಟ್ಟೆಯಲ್ಲಿ ಕಟ್ಟಿ ತಂದರು. ಗಂಟುಗಳನ್ನು ಗಾಡಿಯಲ್ಲಿ ಹೇರಿ ಘಟಪ್ರಭಾ ಹೊಳೆಗೆ ಬಿಟ್ಟು ಬಂದರು. ಅವ್ವ ಮೂರು ದಿನ ಬರಿದಾದ ಜಗಲಿಯ ಮುಂದೆ ಕುಳಿತು ಅತ್ತಳು. ಮುಂದಿನ ಬೇಸಿಗೆಯ ಸೂಟಿಯಲ್ಲಿ ಅಪ್ಪ ಕೇರಿಯವರನ್ನು ಕೂಡಿಸಿ 'ಇನ್ನಮ್ಯಾಲೆ ಈ ಕೇರ್ಯಾಗ ಯಾರೂ ಹೆಬ್ಬಟ್ಟು ಹಚ್ಚಬಾರದು' ಎಂದು ಹೇಳಿ, ಎಲ್ಲರಿಗಿಂತ ಮೊದಲು ತಾನೇ ಪಾಟಿ ಹಿಡಿದು ನನ್ನ ಮುಂದೆ ಕುಳಿತ. ಐವತ್ತೆರಡು ವರ್ಷದ ಕೈ. ಹಲಗೆ ಬಾರಿಸಿ ಬಾರಿಸಿ ಬೆರಳು ಬಿರುಸಾಗಿದ್ದವು, ಬಳಪ ಮುರಿಯುತ್ತಿತ್ತು. ನಾನು ಆ ಕೈಯ ಮೇಲೆ ಕೈಯಿಟ್ಟು ತಿದ್ದಿಸಿದೆ. 'ದುರ್ಗಪ್ಪ' ಎಂದು ಒಬ್ಬನೇ ಬರೆಯುವುದಕ್ಕೆ ಹತ್ತೊಂಬತ್ತು ದಿನ ಬೇಕಾಯಿತು. ಮುಂಬೈಯಿಂದ ನಿನ್ನ ಮೊದಲ ಮನಿಯಾರ್ಡರು ಬಂದಾಗ ಟಪಾಲಿನವನನ್ನು ಕಟ್ಟೆಯ ಮೇಲೆ ಕೂಡಿಸಿ, ನೀರು ಕೊಟ್ಟು, ಸಾವಕಾಶ ಸಹಿ ಮಾಡಿದ. ಅದೆಲ್ಲ ನಿನಗೆ ಬರೆದಿದ್ದೆ.

ನಿನ್ನ ಪತ್ರವನ್ನು ಶನಿವಾರ ಊರಿಗೆ ಹೋಗಿ ಅಪ್ಪನಿಗೆ ಓದಿ ಹೇಳಿದೆ. ಪ್ರಮಾಣಪತ್ರದ ಮಾತನ್ನೂ ಹೇಳಿದೆ. ಅದಕ್ಕಿಂತ ಒಂದು ದಿನ ಮೊದಲೇ ಗೋಕಾಕದ ಕಚೇರಿಯಲ್ಲಿ ಕೇಳಿಕೊಂಡು ಬಂದಿದ್ದೆ. ಗುಮಾಸ್ತರು ಕೆಟ್ಟವರಲ್ಲ, ಕುರ್ಚಿ ಕೊಟ್ಟರು. ಆ ಕೇರಿಯವರು ಬೌದ್ಧರಾಗಿದ್ದಾರೆಂದು ಎಲ್ಲರಿಗೂ ಗೊತ್ತು, ಆದ್ದರಿಂದ ಊರಿನ ಲೆಕ್ಕಪತ್ರ ನೋಡುವ ತಲಾಠಿ ಸೋಮವಾರ ಬಂದು ಮನೆ ನೋಡಿ ವರದಿ ಕೊಡಬೇಕು, ತಂದೆ ಖುದ್ದಾಗಿ ಬಂದು ಬರೆದು ಕೊಡಬೇಕು ಎಂದರು. ಅಪ್ಪ ಕೇಳಿಸಿಕೊಂಡ. ಎಮ್ಮೆಗೆ ಹುಲ್ಲು ಹಾಕಿ ಬಂದ. 'ಮನಿ ನೋಡೂದಂದ್ರ ಏನ ನೋಡತಾರ?' ಎಂದ. ಜಗಲಿ ನೋಡುತ್ತಾರೆ ಎಂದೆ. 'ಜಗಲಿ ಮ್ಯಾಲೆ ಏನ ಇರಬೇಕ?' ಎಂದ. ನಾಳೆ ಹುಕ್ಕೇರಿಗೆ ಹೋಗಿ ಬರುತ್ತೇನೆ ಎಂದೆ.

ಕೇರಿಯಲ್ಲಿ ಯಾರ ಮನೆಯಲ್ಲೂ ದೇವರಿಲ್ಲ. ಭಾನುವಾರ ನಾನು ಘಟಪ್ರಭಾದಲ್ಲಿ ಬಸ್ಸು ಬದಲಿಸಿ ಹುಕ್ಕೇರಿಗೆ ಹೋದೆ. ಅಪ್ಪನ ತಂಗಿ, ನಮ್ಮ ಗುಡ್ಡವ್ವತ್ತಿ, ದೇವರನ್ನು ಬಿಟ್ಟವಳಲ್ಲ, ನಿನಗೆ ಗೊತ್ತು. ಅಣ್ಣನ ಮೇಲಿನ ಸಿಟ್ಟಿಗೆ ಇನ್ನೆರಡು ದೇವರನ್ನು ಹೆಚ್ಚಿಗೆ ಇಟ್ಟುಕೊಂಡವಳು. ವಿಷಯ ಕೇಳಿ ಮೊದಲು 'ಕಡೀಕ ಅಣ್ಣಗ ಬುದ್ಧಿ ಬಂತಲ್ಲ' ಎಂದು ಖುಷಿಪಟ್ಟಳು. ಎರಡು ದಿನದ ಮಟ್ಟಿಗೆ ಬೇಕು ಎಂದಾಗ ಮುಖ ಸಣ್ಣದಾಯಿತು. 'ಸೇರು ಜೋಳ ಕಡಾ ಕೇಳೂದು ಕಂಡಿದ್ನಿ, ದೇವರನ್ನ ಕಡಾ ಕೇಳಾಕ ಬಂದಾಕಿ ನೀನಽ ಮೊದಲ್ನಾಕಿ ನೋಡು' ಎಂದಳು. ಆದರೂ ಹುಣಸೆಹಣ್ಣು ಹಚ್ಚಿ ಬೆಳಗಿ ಕೊಟ್ಟಳು, ಅಂಗೈಯಷ್ಟು ಹಿತ್ತಾಳೆಯ ಮುಖ, ಮೂಗಿನಲ್ಲಿ ನತ್ತಿನ ತೂತು. ಬಸ್ಸಿನಲ್ಲಿ ಕಂಡಕ್ಟರು ತೊಡೆಯ ಮೇಲಿನ ಗಂಟು ನೋಡಿ ಏನದು ಎಂದ. ಪಾತ್ರೆ ಎಂದೆ.

ಸೋಮವಾರ ಹತ್ತು ಗಂಟೆಗೆ ತಲಾಠಿ ಬಂದರು. ಅವರು ಬರುವ ಮೊದಲು ಅಪ್ಪ ತಾನೇ ಜಗಲಿಯ ಮೇಲಿನ ಬುದ್ಧನ ಫೋಟೋ, ಬಾಬಾಸಾಹೇಬರ ಫೋಟೋ ಇಳಿಸಿ, ನಾಗಪುರದ ಬಿಳಿ ಧೋತರದಲ್ಲಿ ಸುತ್ತಿ, ಹೊರಗೆ ಬಾಗಿಲ ಬಾಜೂ ಕಟ್ಟೆಯ ಮೇಲೆ ಅದನ್ನು ತೊಡೆಯಲ್ಲಿಟ್ಟುಕೊಂಡು ಕುಳಿತ. ನಾನು ಅತ್ತೆಯ ದುರ್ಗವ್ವನನ್ನು ಇಟ್ಟು, ದೀಪ ಹಚ್ಚು ಎಂದು ಅವ್ವನಿಗೆ ಹೇಳಿದೆ. ದೇವರು ಹೋದಳೆಂದು ಅತ್ತವಳು, ಈಗಲಾದರೂ ಕೈ ಮುಗಿದಾಳು ಎಂದುಕೊಂಡಿದ್ದೆ. ಅವ್ವ ಹತ್ತಿರ ಬಂದು ನೋಡಿದಳು. 'ಇದು ನಮ್ಮ ದುರ್ಗವ್ವ ಅಲ್ಲ. ನಮ್ಮಾಕಿ ಹೊಳ್ಯಾಗ ಅದಾಳ' ಎಂದು ಒಲೆಯ ಮುಂದೆ ಹೋಗಿ ಕುಳಿತಳು. ದೀಪ ನಾನೇ ಹಚ್ಚಿದೆ. ತಲಾಠಿ ಒಳಗೆ ಬಗ್ಗಿ ನೋಡಿ, 'ದಿನಾ ಪೂಜಿ ಮಾಡತೀರೇನ್ರಿ?' ಎಂದು ಅವ್ವನನ್ನು ಕೇಳಿದರು. 'ಜಗಲಿ ದಿನಾ ಸಾರಸ್ತೇನ್ರಿ' ಎಂದಳು ಅವ್ವ. ಅದು ಖರೆ. ಮೂರು ವರ್ಷವಾದರೂ ಸಾರಿಸುವುದನ್ನು ಬಿಟ್ಟಿಲ್ಲ. ಅವರು ಬರೆದುಕೊಂಡು ಹೋದರು. ಹದಿನೆಂಟು ಮನೆಯವರೂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಯಾರೂ ಬೈಯಲಿಲ್ಲ. ಅಪ್ಪನ ಜೊತೆ ನಾಗಪುರಕ್ಕೆ ಹೋಗಿದ್ದ ಉದ್ದಪ್ಪ ಕಾಕಾ ಮಾತ್ರ ಕಟ್ಟೆಯವರೆಗೆ ಬಂದು 'ದುರ್ಗಪ್ಪಣ್ಣಾ, ಹುಡುಗ ಯಾವಾಗ ಹೊಂಡತಾನ?' ಎಂದು ಕೇಳಿ, ಉತ್ತರಕ್ಕೆ ನಿಲ್ಲದೆ ಹೊಲಕ್ಕೆ ಹೋದ.

ಬುಧವಾರ ರಜೆ ಹಾಕಿ ಅಪ್ಪನನ್ನು ಕರೆದುಕೊಂಡು ಗೋಕಾಕಕ್ಕೆ ಹೋದೆ. ದಾರಿಯಲ್ಲಿ ಬಸ್ಸಿನಲ್ಲಿ ಒಂದು ಮಾತು ಕೇಳಿದ, ಅದನ್ನು ಆಮೇಲೆ ಬರೆಯುತ್ತೇನೆ. ಕಚೇರಿಯಲ್ಲಿ ಗುಮಾಸ್ತರು ಕಾಗದ ಓದಿ ಹೇಳಿದರು: ನಾನು ಹಿಂದೂ ಧರ್ಮದವನು, ಬೇರೆ ಧರ್ಮವನ್ನು ಸ್ವೀಕರಿಸಿಲ್ಲ, ಮೇಲೆ ಬರೆದದ್ದೆಲ್ಲ ಸತ್ಯ. ಓದಿ ಮುಗಿಸಿ ಪೆನ್ನು ಚಾಚಿದರು. ಅಪ್ಪ ಪೆನ್ನು ಮುಟ್ಟಲಿಲ್ಲ. 'ಹೆಬ್ಬಟ್ಟು ಹಚ್ಚತೇನ್ರಿ' ಎಂದ. ಗುಮಾಸ್ತರಿಗೆ ನೆನಪಿತ್ತು, 'ಹ್ವಾದ ವರ್ಷ ಅರ್ಜಿಗೆ ಸಹಿ ಮಾಡಿದ್ರೆಲ್ಲ?' ಎಂದರು. 'ಇಲ್ರಿ. ನನಗ ಬರೂದಿಲ್ಲ' ಎಂದ ಅಪ್ಪ. ನಾನು ಪಕ್ಕದಲ್ಲೇ ನಿಂತಿದ್ದೆ, ಕೇದಾರಿ. ಹತ್ತೊಂಬತ್ತು ದಿನ ಕಲಿಸಿದವಳು. ಮಸಿಯ ಡಬ್ಬಿ ತರಿಸಿದರು. ಅವನು ಹೆಬ್ಬೆರಳನ್ನು ಒತ್ತಿ, ಎತ್ತಿ, ಗುರುತು ಸರಿಯಾಗಿ ಮೂಡಿದೆಯೇ ಎಂದು ಬಗ್ಗಿ ನೋಡಿದ. ಹೊರಗೆ ಬಂದು ನಳದ ಕೆಳಗೆ ಮಣ್ಣು ಹಚ್ಚಿ ತಿಕ್ಕಿದ. ಪೂರಾ ಹೋಗಲಿಲ್ಲ. ಅಲ್ಲಿಂದ ಬಸ್ ಸ್ಟ್ಯಾಂಡಿಗೆ ನಡೆದು ಬಂದು ಚಹ ಕುಡಿದೆವು, ಬಟ್ಟಲನ್ನು ಅವನು ಎಡಗೈಯಲ್ಲಿ ಹಿಡಿದಿದ್ದ.

ಐದು ಗಂಟೆಗೆ ಪ್ರಮಾಣಪತ್ರ ಸಹಿಯಾಗಿ ಬಂತು. ಅಪ್ಪ ಮಮದಾಪುರದ ಬಸ್ಸು ಹತ್ತಿದ, ನಾನು ಮೂಡಲಗಿಯದು ಹತ್ತಿದೆ. ಕಲ್ಲೋಳಿ ದಾಟಿದ ಮೇಲೆ ಅಳು ಬರಬಹುದು ಎಂದು ಸೆರಗನ್ನು ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದೆ. ಬರಲಿಲ್ಲ. ನಿನ್ನೆ ಶಾಲೆಯಲ್ಲಿ ಮಗ್ಗಿ ಹೇಳಿಕೊಟ್ಟೆ, ಹುಡುಗಿಯರ ತಲೆಯ ಹೇನು ನೋಡಿದೆ, ಸಾರಿಗೆ ಉಪ್ಪು ಹಾಕದೆ ಎರಡು ಹೊತ್ತು ಉಂಡಿದ್ದೇನೆ ಎಂದು ಇವತ್ತು ಗೊತ್ತಾಯಿತು. ಅತ್ತೆಯ ದುರ್ಗವ್ವ ಈಗ ನನ್ನ ಖೋಲಿಯಲ್ಲಿ ಅಕ್ಕಿಯ ಡಬ್ಬಿಯ ಪಕ್ಕ ಇದ್ದಾಳೆ. ಬರುವ ಭಾನುವಾರ ಹುಕ್ಕೇರಿಗೆ ಮುಟ್ಟಿಸಬೇಕು. ಮನೆಯಲ್ಲಿ ಫೋಟೋಗಳನ್ನು ಅಪ್ಪ ಇನ್ನೂ ಜಗಲಿಗೆ ಏರಿಸಿಲ್ಲವಂತೆ. ಧೋತರದ ಗಂಟು ಹಾಗೆಯೇ ಗೂಡಿನಲ್ಲಿದೆ ಎಂದು ಊರಿನಿಂದ ಸಂತೆಗೆ ಬಂದವರು ಹೇಳಿದರು.

ಎರಡರಲ್ಲಿ ಯಾವುದು ಎಂದು ಕೇಳಿದ್ದೀಯ. ನಾನು ಏಳನೆಯ ವರ್ಗದ ಮುಲ್ಕಿ ಪರೀಕ್ಷೆ ಮುಗಿಸಿದವಳು, ಮುಂದೆ ಕಲಿಯುವ ಆಸೆಯಿತ್ತು, ನನಗೆ ಯಾರೂ ಹಾಳೆಯ ನಡುವೆ ಗೆರೆ ಎಳೆದು ಕೇಳಲಿಲ್ಲ. ಇದು ದೂರಲ್ಲ. ನಿನಗೆ ಮೊದಲ ಮಗ್ಗಿ ಕಲಿಸಿದ ದಿನದಿಂದ ನೀನು ಎಲ್ಲಿಯವರೆಗೆ ಹೋಗುತ್ತೀಯೋ ಅಲ್ಲಿಯವರೆಗೆ ನನ್ನದೂ ಆಯಿತು ಎಂದೇ ಲೆಕ್ಕ ಹಿಡಿದಿದ್ದೆ. ಈಗ ಒಳಗೆ ನೋಡಿಕೊಂಡರೆ ಖುಷಿಯೂ ಇಲ್ಲ, ದುಃಖವೂ ಇಲ್ಲ. ಉಣ್ಣೆಯ ಬಟ್ಟೆ ಮುಂಬೈಯಲ್ಲೇ ಕೊಳ್ಳು, ಇಲ್ಲಿಯ ಕಂಬಳಿ ಅಲ್ಲಿಗೆ ಭಾರವಾಗುತ್ತದೆ.

ಚಾಳಿನಲ್ಲಿ ನಿನ್ನನ್ನು ನೋಡಿಕೊಳ್ಳುವ ಯಲ್ಲಾರಿ ಮಾಮಾನಿಗೆ ನಮಸ್ಕಾರ ತಿಳಿಸು. ಅವ್ವ ನಿನ್ನ ತಲೆ ಮುಟ್ಟಿ ಲಟಿಕೆ ಮುರಿದಿದ್ದಾಳೆ ಎಂದು ತಿಳಿ. ಅಪ್ಪ ಏನೂ ಹೇಳಿ ಕಳಿಸಿಲ್ಲ. ಚೆನ್ನಾಗಿ ಉಣ್ಣು, ಕೆಮ್ಮು ನೋಡಿಕೋ.

ನಿನ್ನ ಅಕ್ಕ,
ಇಂದ್ರವ್ವ

ತಾ.ಕ.: ಪ್ರಮಾಣಪತ್ರ ಇದೇ ಪಾಕೀಟಿನಲ್ಲಿದೆ, ರಜಿಸ್ಟರ್ ಮಾಡುತ್ತಿದ್ದೇನೆ. ಟಪಾಲು ಕಚೇರಿಯಲ್ಲಿ ಚೀಲ ಕಟ್ಟುತ್ತಿದ್ದಾರೆ, ನಿಂತೇ ಬರೆಯುತ್ತಿದ್ದೇನೆ. ಬಸ್ಸಿನಲ್ಲಿ ಅಪ್ಪ ಕೇಳಿದ್ದು ಇದು: 'ಯವ್ವಾ, ಇದನ್ನ ಬರದು ಕೊಡದಽ ಕೇದಾರಿ ಮುಂದ ಕಲ್ಯಾಕ ಬ್ಯಾರೆ ದಾರಿ ಇಲ್ಲೇನು?' ಇಲ್ಲ ಎಂದೆ. ಶನಿವಾರ ನಿನ್ನ ಹಾಳೆ ಓದಿ ಹೇಳುವಾಗಲೂ ಗೆರೆಯ ಬಲಗಡೆ ಬರೆದದ್ದನ್ನಷ್ಟೇ ಓದಿದ್ದೆ. ಎಡಗಡೆ ಏನಾದರೂ ಇತ್ತೆಂದು ಅವನಿಗೆ ಗೊತ್ತಿಲ್ಲ. ನೀನು ಲಂಡನ್ನಿಗೆ ಹೋಗಬೇಕೆಂದು ನನಗಿತ್ತು, ಅಷ್ಟೇ. ಹಾಳೆಯನ್ನು ಒಲೆಗೆ ಹಾಕಿದ್ದೇನೆ. ಮುಂಬೈಯಲ್ಲಿ ಸೀಟು ಸಿಕ್ಕಿತ್ತೆಂದು ಎಂದಿಗೂ ಮನೆಗೆ ಬರೆಯಬೇಡ, ಬಂದಾಗಲೂ ಬಾಯಿ ಬಿಡಬೇಡ. ಹಡಗಿನ ತಾರೀಖು ತಿಳಿಸು, ಅಪ್ಪ ಕೇಳಬಹುದು.